ಹುಣಸೆ ಮರದಡಿಯ ಸಾಂಬ್ರಾಣಿ

ಆ ದೆವ್ವ ಸುಳ್ಳು ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ, ಏಕೆಂದರೆ ಅದನ್ನು ಹುಟ್ಟಿಸಿದವಳು ನಾನೇ. ಆದರೂ ವಿಜಯನಗರದ ಆ ತಿರುವಿನಲ್ಲಿ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ನಾನು ನಡೆಯುವುದಿಲ್ಲ. ಒಂದು ಬೀದಿ ಬಳಸಿ ಹೋಗುತ್ತೇನೆ. ಬಿಸಿಲಿಗೆ ಹೆದರಿ ಹೀಗೆ ಮಾಡುತ್ತೇನೆಂದು ಮನೆಯವರು ತಿಳಿದುಕೊಂಡಿದ್ದಾರೆ. ತಿಳಿದುಕೊಳ್ಳಲಿ.

ಎಂಬತ್ತರ ದಶಕದ ಮೊದಲ ವರ್ಷಗಳವು. ನಾನು ಟೆಲಿಫೋನ್ ಆಪರೇಟರ್ ಆಗಿದ್ದೆ. ಮದುವೆಯಾಗಿರಲಿಲ್ಲ. ಅಮ್ಮನೂ ನಾನೂ ಮಾಗಡಿ ರೋಡ್ ಕಡೆಯ ಒಂದು ಬಾಡಿಗೆ ಮನೆಯಲ್ಲಿದ್ದೆವು. ಬೆಳಗಿನ ಶಿಫ್ಟ್ ಮುಗಿಸಿ ಬಸ್ಸಿಳಿಯುವಾಗ ಮಧ್ಯಾಹ್ನವಾಗಿರುತ್ತಿತ್ತು. ದಿನವೂ ಕಂಡರಿಯದ ಜನರಿಗೆ 'ಲೈನ್ ಬ್ಯುಸಿ ಇದೆ ಸಾರ್, ಇನ್ನೈದು ನಿಮಿಷ' ಎಂದು ಹೇಳಿ ಹೇಳಿ, ಸುಳ್ಳನ್ನು ಮೆತ್ತಗೆ, ತಡವರಿಸದೆ ಹೇಳುವ ವಿದ್ಯೆ ನನಗೆ ಒಲಿದಿತ್ತು.

ಆಗ ಸರ್ಕಾರದವರು ಬಡಾವಣೆಯ ರಸ್ತೆಗಳಲ್ಲೆಲ್ಲ ಸಾಲಾಗಿ ಸಸಿ ನೆಟ್ಟು ಹೋಗಿದ್ದರು. ಹೊಂಗೆ, ಬೇವು, ನೇರಳೆ, ಮಳೆಮರ. ನೆಟ್ಟದ್ದು ಅವರು, ಸಾಕುವವರು ಯಾರು? ಅಂಥ ಸಸಿಗಳಿಗೆ ಭಾನುವಾರ ಬೆಳಿಗ್ಗೆ ನೀರು ಹಾಕುವ ಒಂದು ಸಣ್ಣ ಗುಂಪು ನಮ್ಮ ಬೀದಿಯಲ್ಲಿ ಹುಟ್ಟಿಕೊಂಡಿತು. ಸಂಘವಲ್ಲ, ಬೋರ್ಡಿಲ್ಲ, ಅಧ್ಯಕ್ಷರಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿದ್ದ ಒಬ್ಬ ಮೇಷ್ಟ್ರು ಸೈಕಲ್ಲಿನ ಎರಡೂ ಕಡೆ ಸೀಮೆಎಣ್ಣೆ ಡಬ್ಬ ಕಟ್ಟಿ ನೀರು ಹೊತ್ತು ತರುತ್ತಿದ್ದರು. ಅವರ ಹಿಂದೆ ಬಕೆಟ್ಟು, ಗುದ್ದಲಿ ಹಿಡಿದ ನಾವು ನಾಲ್ಕೈದು ಜನ.

ಎಲೆಯೆಲ್ಲ ಉದುರಿ ಕಡ್ಡಿಯಾಗಿ ನಿಂತ ಸಸಿ ಸತ್ತಿದೆಯೋ ಬದುಕಿದೆಯೋ ಎಂದು ನೋಡುವುದನ್ನು ಕಲಿಸಿದವರು ಮೇಷ್ಟ್ರೇ. ಉಗುರಿನಿಂದ ತೊಗಟೆಯನ್ನು ಒಂದಿಷ್ಟು ಕೆರೆಯಬೇಕು. ಒಳಗೆ ಹಸಿರು ಕಂಡರೆ ಜೀವ ಇದೆ, ನೀರು ಹಾಕಬೇಕು. ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಉಗುರಿನ ಸಂದಿಯಲ್ಲಿ ಹಸಿರು ಇರುತ್ತಿತ್ತು, ಅಮ್ಮ ಬೈಯುತ್ತಿದ್ದಳು.

ಬಡಾವಣೆಯ ಜನಕ್ಕೆ ಗಿಡವೆಂದರೆ ಅಷ್ಟಕ್ಕಷ್ಟೆ. 'ಎಲೆ ಉದುರತ್ತೆ, ಗುಡಿಸೋರು ಯಾರು?' ಎನ್ನುವವರು ಒಬ್ಬರು. 'ಬಾಗಿಲಿಗೆ ನೇರ ಮರ ಇರಬಾರದು' ಎನ್ನುವವರು ಇನ್ನೊಬ್ಬರು. ಸಸಿಯ ಸುತ್ತ ಇಟ್ಟ ಬಿದಿರಿನ ಬುಟ್ಟಿ ಎರಡು ವಾರದೊಳಗೆ ಯಾರದ್ದೋ ಬಚ್ಚಲೊಲೆ ಸೇರಿರುತ್ತಿತ್ತು. ನನಗೆ ಸಿಟ್ಟು ಬೇಗ. ಬುಟ್ಟಿ ಕಾಣೆಯಾದ ಬೀದಿಯಲ್ಲಿ ನಿಂತು, 'ಯಾರ ಮನೇಲಿ ಇವತ್ತು ಬಿಸಿನೀರು ಚೆನ್ನಾಗಿ ಕಾದಿದೆ?' ಎಂದು ಗಟ್ಟಿಯಾಗಿ ಕೇಳಿ ಮೇಷ್ಟ್ರ ಮಾನ ಕಳೆದದ್ದೂ ಉಂಟು.

ನಾವು ನೆಡದೆ, ನೀರು ಹಾಕದೆ ನಮ್ಮ ಪಾಲಿಗೆ ಬಂದದ್ದು ಆ ಹುಣಸೆ ಮರ. ಬಡಾವಣೆ ಆಗುವ ಮುಂಚೆ ಅಲ್ಲೊಂದು ಹಳ್ಳಿಯಿತ್ತು. ಹಳ್ಳಿಯ ತಗ್ಗು ಹಂಚಿನ ಮನೆಗಳು ನಮ್ಮ ತಾರಸಿ ಮನೆಗಳ ನಡುವೆ ಆಗಲೂ ಉಳಿದಿದ್ದವು. ಮರ ಆ ಹಳ್ಳಿಯದು. ಇಬ್ಬರು ಕೈ ಚಾಚಿದರೂ ತಬ್ಬಿಗೆ ಸಿಗದಷ್ಟು ದಪ್ಪ. ನಕ್ಷೆಯಲ್ಲಿ ಅದು ನಿಂತ ಜಾಗ ರಸ್ತೆ. ಒಂದು ದಿನ ಯಾರೋ ಬಂದು ಕಾಂಡದ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋದರು.

ಮೇಷ್ಟ್ರು ಅರ್ಜಿ ಬರೆದರು. ಮತ್ತೊಂದು ಬರೆದರು. ಕಚೇರಿಗೆ ಅಲೆದರು. 'ಹುಣಸೆ ಮುಪ್ಪಾದರೆ ಹುಳಿ ಮುಪ್ಪೇ' ಎಂದು ಗಾದೆ ಹೇಳಿ ಇಂಜಿನಿಯರನ್ನು ನಗಿಸಿ ಬಂದರು. ಆತ ನಕ್ಕನೇ ಹೊರತು ಗುರುತು ಅಳಿಸಲಿಲ್ಲ. ಅರಳಿಯಾಗಿದ್ದರೆ ಕಟ್ಟೆ ಕಟ್ಟಿ ನಾಗರ ಕಲ್ಲು ಇಡಬಹುದಿತ್ತು. ಬೇವಾಗಿದ್ದರೆ ಊರದೇವತೆ ಅಮ್ಮ ಇರುತ್ತಿದ್ದಳು, ಅರಿಸಿನ ಬಳಿದರೆ ಸಾಕಿತ್ತು. ಹುಣಸೆಗೆ ದೆವ್ವ ಬಿಟ್ಟರೆ ಬೇರೆ ದಿಕ್ಕಿಲ್ಲ.

ಅದನ್ನು ನಾನು ಮೊದಲೇ ಯೋಚಿಸಿ ಮಾಡಿದೆ ಎಂದುಕೊಳ್ಳಬೇಡಿ. ಅವತ್ತು ಶುಕ್ರವಾರ, ನಾನು ರಜೆ ಹಾಕಿದ್ದೆ. ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಿಗೆ ತುದಿಗಂಟು ಹಾಕಿ, ರಾಗಿ ಡಬ್ಬ ಹಿಡಿದು ಹಿಟ್ಟಿನ ಗಿರಣಿಗೆ ಹೋದೆ. ಸರದಿಯಲ್ಲಿ ಆರೇಳು ಹೆಂಗಸರು. ಮರದ ಎದುರು ಮನೆಯಾಕೆ ನಗುತ್ತ ಹೇಳಿದಳು.

"ಸೋಮವಾರ ಕಡೀತಾರಂತೆ ರೀ. ಸದ್ಯ, ಕಾಗೆ ಕಾಟ ತಪ್ತು."

ನನಗೆ ಮೈಯೆಲ್ಲ ಉರಿಯಿತು. ಬೈದರೆ ಕೆಲಸ ಆಗುವುದಿಲ್ಲವೆಂದು ಅಷ್ಟು ದಿನಗಳಲ್ಲಿ ಕಲಿತಿದ್ದೆ. ಆಪರೇಟರ್ ದನಿಯಲ್ಲಿ ಮೆತ್ತಗೆ ಹೇಳಿದೆ.

"ಕಡಿಯೋರಿಗೆ ಏನೂ ಆಗದಿದ್ರೆ ಸಾಕು. ಮೊನ್ನೆ ಮಟಮಟ ಮಧ್ಯಾಹ್ನ ಶಿಫ್ಟ್ ಮುಗಿಸಿ ಬರ್ತಿದ್ದೆ. ಮರದ ಬುಡದಲ್ಲಿ ಒಂದು ಹೆಣ್ಣು ಕೂತಿತ್ತು. ಕೂದಲು ಬಿಟ್ಕೊಂಡು. ತಲೆಯಿಂದ ನೀರು ತೊಟ್ಟಿಕ್ತಾ ಇತ್ತು. ಎರಡು ಹೆಜ್ಜೆ ಮುಂದೆ ಬಂದು ತಿರುಗಿ ನೋಡಿದ್ರೆ ಯಾರೂ ಇಲ್ಲ. ನೆಲ ಮಾತ್ರ ಒದ್ದೆ."

ಒದ್ದೆ ಕೂದಲು ಯಾಕೆ ಬಂತು? ನನ್ನದೇ ತಲೆ ಒದ್ದೆಯಿತ್ತು, ಬೆನ್ನಿನ ಮೇಲೆ ರವಿಕೆ ತಣ್ಣಗಾಗಿತ್ತು, ಅದಕ್ಕೆ. ಕೈಗೆ ಸಿಕ್ಕಿದ್ದನ್ನು ಎತ್ತಿ ದೆವ್ವಕ್ಕೆ ಕೊಟ್ಟೆ. ಗಿರಣಿ ಓಡುತ್ತಲೇ ಇತ್ತು, ಹೆಂಗಸರು ಮಾತ್ರ ಸರದಿ ಮರೆತು ನನ್ನ ಹತ್ತಿರ ಸರಿದರು.

ಸೋಮವಾರ ಕೊಡಲಿ, ಹಗ್ಗ ಹಿಡಿದು ಆಳುಗಳು ಬಂದರು. ಅವರಿಗೆ ಟೀ ಕೊಟ್ಟ ಅಂಗಡಿಯವನೇ ಸುದ್ದಿಯನ್ನೂ ಕೊಟ್ಟ. ಆ ಹೊತ್ತಿಗೆ ನನ್ನ ಹೆಣ್ಣಿಗೆ ಹಿಂದುಮುಂದಾದ ಪಾದ ಬಂದಿತ್ತು, ಅಳುವ ದನಿ ಬಂದಿತ್ತು, ಅದನ್ನು ಕಂಡವರು ಇನ್ನೂ ಮೂವರು ಹುಟ್ಟಿಕೊಂಡಿದ್ದರು. ಮೇಸ್ತ್ರಿ ಮರವನ್ನು ಒಂದು ಸುತ್ತು ಸುತ್ತಿ, 'ನಮಗೂ ಹೆಂಡ್ತಿ ಮಕ್ಳು ಇದಾರೆ ಸಾರ್' ಎಂದು ಹಗ್ಗ ಸುತ್ತಿಕೊಂಡ. ಇಂಜಿನಿಯರ್ ಕೂಗಾಡಿ ಹೋದ. ಮುಂದಿನ ತಿಂಗಳು ಜಲ್ಲಿ ಹಾಕಿದಾಗ ರಸ್ತೆ ಮರದ ಬಳಿ ಸೊಂಟ ತಿರುಗಿಸಿಕೊಂಡು ಹೋಯಿತು.

ಮೇಷ್ಟ್ರಿಗೆ ನಾಚಿಕೆ, ಸಂತೋಷ ಎರಡೂ. "ಮೂವತ್ತು ವರ್ಷ ದೆವ್ವ ಇಲ್ಲ ಅಂತ ಪಾಠ ಮಾಡಿದೀನಿ ಕಣಮ್ಮ. ನನ್ನ ಅರ್ಜಿ ಮಾಡದೇ ಇರೋ ಕೆಲಸಾನ ಅದು ಮಾಡ್ತಲ್ಲ," ಎಂದರು. ಹುಟ್ಟಿಸಿದ್ದು ನಾನೆಂದು ಅವರಿಗೆ ಗೊತ್ತಿರಲಿಲ್ಲ. ಸಾವಿರ ಸುಳ್ಳು ಹೇಳಿ ಮದುವೆ ಮಾಡಿಸಬಹುದಂತೆ, ಒಂದು ಸುಳ್ಳು ಹೇಳಿ ಮರ ಉಳಿಸಿದರೆ ತಪ್ಪೇನು ಎಂದುಕೊಂಡು ನಾನೂ ನಕ್ಕೆ. ಆ ವಾರವೆಲ್ಲ ನನ್ನ ಜಾಣತನಕ್ಕೆ ನಾನೇ ಮರುಳಾಗಿದ್ದೆ.

ನಮ್ಮ ಬೀದಿಗೆ ದಿನವೂ ಸೊಪ್ಪು ತರುತ್ತಿದ್ದ ಹೆಂಗಸು ಆ ಹಳೇ ಹಳ್ಳಿಯವಳು. ಗಂಡ ಇರಲಿಲ್ಲ. ಹೆಸರು ಯಾರೂ ಕೇಳಿರಲಿಲ್ಲ, ಎಲ್ಲರಿಗೂ ಸೊಪ್ಪಿನಮ್ಮ. ಕೊತ್ತಂಬರಿ ಜೊತೆ ಎರಡೆಸಳು ಕರಿಬೇವು ಕೇಳದೆಯೇ ಇಡುವಾಕೆ. ಒಂದು ಮಧ್ಯಾಹ್ನ ಸೊಪ್ಪಿಲ್ಲದ ಖಾಲಿ ಬುಟ್ಟಿ ಹಿಡಿದು ನಮ್ಮ ಗೇಟಿನ ಹತ್ತಿರ ನಿಂತಿದ್ದಳು.

"ಹುಣಸೆ ಮರದ ತಾವ ಕಂಡಿದ್ದು ನೀವೇನಾ ತಾಯಿ?"

"ಹೂಂ," ಎಂದೆ. ಇನ್ನೊಂದು ಪುಕ್ಕಲು ಜೀವ ಎಂದುಕೊಂಡೆ.

"ಚಿಕ್ಕೋಳಾ?"

ಗಿರಣಿಯಲ್ಲಿ ನಾನು ವಯಸ್ಸು ಹೇಳಿರಲಿಲ್ಲ. ಆದರೂ ರೂಢಿಬಲದಿಂದ ಹೂಂ ಎಂದುಬಿಟ್ಟೆ.

"ತಲೆ ನೆಂದಿತ್ತಾ?"

"ಹೂಂ."

ಆಕೆ ಮೆಟ್ಟಿಲ ಮೇಲೆ ಕೂತಳು. ಮರದ ಪಕ್ಕದಲ್ಲಿ ಮುಂಚೆ ಒಂದು ಬಾವಿಯಿತ್ತಂತೆ. ಬಡಾವಣೆ ಮಾಡಿದವರು ಅದನ್ನು ಮುಚ್ಚಿದ್ದರು, ನಮಗೆ ಅದರ ಗುರುತೇ ಇರಲಿಲ್ಲ. ಏಳು ವರ್ಷದ ಹಿಂದೆ ಸಾರಿಗೆ ಹುಣಸೆಹಣ್ಣು ಇಲ್ಲವೆಂದು ಈಕೆ ಮಗಳನ್ನು ಮರದ ಹತ್ತಿರ ಕಳಿಸಿದ್ದಳು. ಹನ್ನೆರಡು ವರ್ಷದ ಹುಡುಗಿ. ಬಾವಿಯ ಮೇಲೆ ಚಾಚಿದ್ದ ಕೊಂಬೆ ಹಿಡಿಯಲು ಹೋಗಿ ಜಾರಿದಳು. ಸಂಜೆ ಮೇಲೆತ್ತಿದರು.

"ಕಾರ್ಯ ಎಲ್ಲ ಮಾಡಿದ್ವಿ. ಹೋದ್ಲು, ನೆಮ್ಮದಿಯಾಗವ್ಳೆ ಅಂದ್ಕಂಡಿದ್ದೆ," ಎಂದಳು. ಆಮೇಲೆ ನನ್ನ ಮುಖವನ್ನೇ ನೋಡುತ್ತ ಕೇಳಿದಳು. "ಏಳು ವರ್ಷ ಆಯ್ತಲ್ಲ ತಾಯಿ. ಅವಳ ತಲೆ ಇನ್ನಾ ಒಣಗಿಲ್ವಾ?"

ಸುಳ್ಳು ಅಂತ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನಿಜ ಹೇಳಿದರೆ ಕೊಡಲಿಯವರು ಮರುದಿನವೇ ಬರುತ್ತಾರೆ, ಮೇಷ್ಟ್ರಿಗೆ ಏನು ಹೇಳಲಿ, ಬೀದಿಯವರು ಉಗಿಯುತ್ತಾರೆ ಎಂದೆಲ್ಲ ತಲೆಯಲ್ಲಿ ಓಡಿತು. ಅದೆಲ್ಲ ಆಮೇಲೆ ಹುಡುಕಿಕೊಂಡ ನೆಪ. ನಾನು ಹೆದರಿದೆ, ಅಷ್ಟೆ. ಆಕೆ ಎದ್ದು ಹೋದಳು.

ಆ ಶುಕ್ರವಾರದಿಂದ ಶುರುವಾಯಿತು. ಮಧ್ಯಾಹ್ನ ನಾನು ಬಸ್ಸಿಳಿದು ತಿರುವಿಗೆ ಬಂದಾಗ ಆಕೆ ಮರದ ಬುಡದಲ್ಲಿ ಕೂತಿದ್ದಳು. ಹಂಚಿನ ಚೂರಿನಲ್ಲಿ ಕೆಂಡ, ಅದರ ಮೇಲೆ ಸಾಂಬ್ರಾಣಿ ಪುಡಿ. ಹೊಗೆಯ ಮೇಲೆ ಸೊಪ್ಪಿನ ಬುಟ್ಟಿ ಬೋರಲು ಹಾಕಿದ್ದಳು. ಎಣ್ಣೆನೀರಾದ ಮೇಲೆ ನಮ್ಮ ಅಮ್ಮನೂ ನನ್ನನ್ನು ಮಲಗಿಸಿ, ಬುಟ್ಟಿಯ ಮೇಲೆ ಕೂದಲು ಹರಡಿ ಹೀಗೆಯೇ ಒಣಗಿಸುತ್ತಿದ್ದಳು. ಸೊಪ್ಪಿನಮ್ಮ ಬುಟ್ಟಿಯ ಬೆತ್ತದ ಮೇಲೆ ಬೆರಳಾಡಿಸುತ್ತಿದ್ದಳು, ಸಿಕ್ಕು ಬಿಡಿಸುವ ಹಾಗೆ. ಪಕ್ಕದಲ್ಲಿ ಒಂದು ಬಾಚಣಿಗೆ.

"ಇವತ್ತು ಕಂಡ್ಳಾ?" ಎಂದು ಕೇಳಿದಳು.

"ಇಲ್ಲ," ಎಂದೆ.

"ನನಗ್ ಕಾಣಾಕಿಲ್ಲ ತಾಯಿ. ಕಳ್ಸಿದೋಳು ನಾನೇ ಅಲ್ವಾ, ಸಿಟ್ಟು ಇರ್ತದೆ. ನೀವು ನೋಡ್ತಾ ಇರಿ."

ಶುಕ್ರವಾರದ ಮೇಲೆ ಶುಕ್ರವಾರ. ಬೇರೆ ಹೆಂಗಸರು ಆ ಬೀದಿಗೆ ಕಾಲಿಡುವುದನ್ನೇ ಬಿಟ್ಟರು, ಮರ ಇನ್ನಷ್ಟು ಭದ್ರವಾಯಿತು. ಹೊಸ ಚಿಗುರು ಬಂತು. ಮೇಷ್ಟ್ರು ಅದರ ಬೀಜ ಹಾಲಿನ ಕವರುಗಳಲ್ಲಿ ಹಾಕಿ ಹನ್ನೆರಡು ಸಸಿ ಎಬ್ಬಿಸಿದರು. ಇತ್ತ ಸೊಪ್ಪಿನಮ್ಮನ ಕೆನ್ನೆ ಒಳಗೆ ಹೋಯಿತು. ವ್ಯಾಪಾರಕ್ಕೆ ಎರಡು ದಿನಕ್ಕೊಮ್ಮೆ ಬರುವಳು, ಬಂದರೂ ಸೊಪ್ಪು ಬಾಡಿರುತ್ತಿತ್ತು. ಅಮ್ಮ ಬಾಡಿದ್ದನ್ನೇ ಕೊಂಡು, 'ಪಾಪ, ಯಾವ ಪುಣ್ಯಾತ್ಗಿತ್ತಿ ಅದನ್ನ ಕಂಡು ಬಂದು ಹೇಳಿದ್ಲೋ' ಎಂದಳು. ನಾನೆಂದು ಅವಳಿಗೂ ಗೊತ್ತು. ಬೇಕೆಂದೇ ಅಂದಳು.

ಸ್ವಿಚ್‌ಬೋರ್ಡಿನ ಮುಂದೆ ಕೂತು ಹೆಡ್‌ಫೋನ್ ಹಾಕಿಕೊಂಡರೆ ಯಾರೂ ಮಾತಾಡದ ಲೈನಿನಲ್ಲಿ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಭಾನುವಾರ ಬಕೆಟ್ ಎತ್ತಿ ಸಸಿಗೆ ನೀರು ಸುರಿದರೆ ನೆಲ ಒದ್ದೆಯಾಗುವುದನ್ನು ನೋಡಲಾಗದೆ ಮುಖ ತಿರುಗಿಸುತ್ತಿದ್ದೆ. ನಾನೇ ಕಟ್ಟಿದ ಹೆಣ್ಣಿಗೆ ನಾನೇ ಹೆದರುವ ಸ್ಥಿತಿಗೆ ಬಂದಿದ್ದೆ. ನಗಬೇಕಾದ ಮಾತು, ಆದರೆ ನನಗೆ ನಗು ಬರಲಿಲ್ಲ.

ಮುಂಗಾರು ಶುರುವಾಯಿತು. ಒಂದು ಶುಕ್ರವಾರ ಹನ್ನೆರಡಕ್ಕೇ ಮಳೆ ಹಿಡಿಯಿತು. ಮರದ ಕೆಳಗೆ ಆಕೆ ಹರಕಲು ಕೊಡೆಯನ್ನು ತನಗೆ ಹಿಡಿಯದೆ ಬುಟ್ಟಿಗೆ ಹಿಡಿದು ಕೂತಿದ್ದಳು. ಕೆಂಡ ಚುಸ್ಸೆನ್ನುತ್ತಿತ್ತು. ಊದಿ ಊದಿ ಆಕೆಯ ಕಣ್ಣು ಕೆಂಪಾಗಿತ್ತು.

"ಒಣಗೋ ಹೊತ್ಗೆ ಮತ್ತೆ ನೆನೀತಾಳೆ ತಾಯಿ," ಎಂದಳು. "ನಾನೇನು ಮಾಡ್ಲಿ ಹೇಳಿ."

ಮರವೋ ಈಕೆಯೋ ಎಂಬ ಮಾತು ಅಲ್ಲಿ ತೀರ್ಮಾನವಾಯಿತು. ದೆವ್ವ ಇದ್ದರೆ ಮರ ಇರುತ್ತದೆ, ಈಕೆ ಹೀಗೆಯೇ ಕೂತು ಸಾಯುತ್ತಾಳೆ. ದೆವ್ವ ಹೋದರೆ ಮರ ಹೋಗುತ್ತದೆ. ಮನೆಗೆ ಹೋಗಿ ಒಂದು ವಾರ ಬಾಯಿಪಾಠ ಮಾಡಿದೆ: 'ನಾನು ಯಾರನ್ನೂ ನೋಡಿಲ್ಲ, ಮರಕ್ಕಾಗಿ ಸುಳ್ಳು ಹೇಳಿದೆ, ಕ್ಷಮಿಸಿ.' ಅದನ್ನೇ ಹೇಳಬೇಕೆಂದು ಮುಂದಿನ ಶುಕ್ರವಾರ ನೇರವಾಗಿ ಆಕೆಯ ಮುಂದೆ ಹೋಗಿ ನಿಂತೆ.

ನಾನು ಬಾಯಿ ತೆರೆಯುವ ಮುಂಚೆ ಆಕೆ ತಲೆಯೆತ್ತಿ, "ಕಂಡ್ಳಾ?" ಎಂದಳು. ಆ ಮುಖಕ್ಕೆ ನಿಜ ಹೇಳುವ ಕಟುಕತನ ನನ್ನಲ್ಲಿರಲಿಲ್ಲ.

"ಹೂಂ. ಕಂಡ್ಳು."

ಬುಟ್ಟಿಯ ಮೇಲಿನ ಕೈ ನಿಂತಿತು.

"ತಲೆ ಒಣಗಿತ್ತು," ಎಂದೆ. "ಪೂರ್ತಿ ಒಣಗಿತ್ತು. ಜಡೆ ಹಾಕ್ಕೊಂಡಿದ್ಲು. ಮಾಗಡಿ ರೋಡ್ ಕಡೆ ನಡ್ಕೊಂಡು ಹೋಗ್ತಿದ್ಲು. ಹಿಂದೆ ತಿರುಗಿ ನೋಡ್ಲಿಲ್ಲ."

"ಸಿಟ್ಟಾಗಿದ್ಲಾ?"

"ಇಲ್ಲ. ನಗ್ತಾ ಇದ್ಲು."

"ಎಷ್ಟು ಜಡೆ?"

ಇದು ನನ್ನ ಬಾಯಿಪಾಠದಲ್ಲಿ ಇರಲಿಲ್ಲ. ಹನ್ನೆರಡು ವರ್ಷದ ಹುಡುಗಿ ಎಂದು ಲೆಕ್ಕ ಹಾಕಿ, "ಎರಡು," ಎಂದೆ.

ಆಕೆ ಬಾಚಣಿಗೆ ಎತ್ತಿ ಕೈಯಲ್ಲಿ ತಿರುಗಿಸಿದಳು. "ಅವಳಿಗೆ ಎರಡು ಜಡೆ ಹಾಕ್ಕೊಳಾಕೆ ಬರ್ತಿರಲಿಲ್ಲ," ಎಂದಳು. "ಬೈತಲೆ ಸೊಟ್ಟ ಆಗ್ತಿತ್ತು. ನಾನೇ ಹಾಕ್ಬೇಕಿತ್ತು."

ಸಿಕ್ಕಿಬಿದ್ದೆ ಎಂದುಕೊಂಡೆ. ಸಿಕ್ಕಿಬಿದ್ದರೆ ಸಾಕು ಎಂದೂ ಅನ್ನಿಸಿತು.

"ಯಾರೋ ಹಾಕವ್ರೆ," ಎಂದಳು ಆಕೆ ನಿಧಾನವಾಗಿ. "ಅಲ್ಲೂ ಜಡೆ ಹಾಕೋರು ಯಾರೋ ಅವ್ರೆ ಅಂದಂಗಾಯ್ತು. ಬಿಡಿ ತಾಯಿ."

ಬುಟ್ಟಿ ಎತ್ತಿ ಮೇಲ್ಮುಖ ಮಾಡಿದಳು. ಕೆಂಡಕ್ಕೆ ನೀರು ಚಿಮುಕಿಸಿದಳು. ಬಾಚಣಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋದಳು. ಮರುದಿನ ಬೆಳಿಗ್ಗೆ ಏಳಕ್ಕೆಲ್ಲ ನಮ್ಮ ಬಾಗಿಲಲ್ಲಿ ತಾಜಾ ಮೆಂತ್ಯ ಇತ್ತು.

ಆಕೆ ಮನೆ ಮನೆಗೆ ಹೇಳಿಕೊಂಡು ಬಂದಳು, ಮಗಳು ಹೋದಳೆಂದು, ದಾರಿ ಸಿಕ್ಕಿತೆಂದು. ಆ ಸಂತೋಷಕ್ಕೆ ಯಾರು ಅಡ್ಡ ಬರುತ್ತಾರೆ? ತಿಂಗಳೊಳಗೆ ಅದೇ ಮೇಸ್ತ್ರಿ, ಅದೇ ಹಗ್ಗ. ಮರಕ್ಕೊಂದು ನಿಂಬೆಹಣ್ಣು ಕೊಯ್ದು, ಕರ್ಪೂರ ಹಚ್ಚಿ ಶುರುಮಾಡಿದರು. ಎರಡು ದಿನ ಹಿಡಿಯಿತು. ಮೇಷ್ಟ್ರು ಎರಡೂ ದಿನ ಎದುರು ಮನೆಯ ಗೇಟಿಗೆ ಒರಗಿ ನಿಂತಿದ್ದರು. "ದೆವ್ವ ಹೋಯ್ತು ಅಂತ ಆ ತಾಯಿಗೆ ಯಾರು ಹೇಳಿದ್ರೋ ಕಣಮ್ಮ," ಎಂದು ನನ್ನನ್ನು ಕೇಳಿದರು. ಅವರು ತೀರಿಕೊಳ್ಳುವವರೆಗೂ ನಾನು ಹೇಳಲಿಲ್ಲ. ಎಲ್ಲರೂ ಹೋದ ಮೇಲೆ ಬಿದ್ದ ಕೊಂಬೆಯೊಂದರ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿದೆ. ಒಳಗೆ ಹಸಿರಿತ್ತು.

ಹನ್ನೆರಡು ಸಸಿ ಹಿಡಿದು ಮೇಷ್ಟ್ರೂ ನಾನೂ ಬಾಗಿಲು ಬಾಗಿಲಿಗೆ ಹೋದೆವು. ಒಬ್ಬರೂ ತೆಗೆದುಕೊಳ್ಳಲಿಲ್ಲ. 'ಹುಣಸೇನಾ? ಬೇಡಪ್ಪ. ನೀವೇ ಕಂಡಿದ್ರಲ್ಲ' ಎಂದು ನನಗೇ ಹೇಳಿದರು. ಕೊನೆಗೆ ಶ್ರೀಗಂಧದ ಕಾವಲ್ ಕಡೆ, ಆಗಿನ್ನೂ ಬಯಲಾಗಿದ್ದ ಜಾಗದಲ್ಲಿ, ನೆಟ್ಟು ಬಂದೆವು. ಅಷ್ಟು ದೂರ ನೀರು ಹೊರಲು ಮೇಷ್ಟ್ರಿಗೆ ಆಗಲಿಲ್ಲ. ನಾನು ಹೋಗಬಹುದಿತ್ತು, ಹೋಗಲಿಲ್ಲ. ಎಷ್ಟು ಬದುಕಿದವೋ ತಿಳಿಯದು.

ಇಷ್ಟಾದ ಮೇಲೆ ಒಂದು ಶುಕ್ರವಾರ ರಜೆ ಹಾಕಿ ನಾನು ಮತ್ತೆ ರಾಗಿ ಡಬ್ಬ ಹಿಡಿದು ಗಿರಣಿಯ ಸರದಿಯಲ್ಲಿದ್ದೆ. ತಡವಾಯಿತೆಂದು ತಲೆ ಸರಿಯಾಗಿ ಒರೆಸಿಕೊಳ್ಳದೆ ಬಂದಿದ್ದೆ. ಹಿಂದಿನಿಂದ ಯಾರೋ ತುದಿಗಂಟು ಬಿಚ್ಚಿದರು. ತಿರುಗಿದರೆ ಸೊಪ್ಪಿನಮ್ಮ.

ಆಕೆ ನನ್ನ ಕೂದಲನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದಳು. ತುದಿಯಿಂದ ನೀರು ಸಿಮೆಂಟಿನ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಆಕೆ ನೆಲ ನೋಡಿದಳು, ನನ್ನ ಮುಖ ನೋಡಿದಳು. ಅಲ್ಲಿಯವರೆಗೆ ನನ್ನನ್ನು ನೀವು ಎನ್ನುತ್ತಿದ್ದಾಕೆ.

"ಒದ್ದೆ ತಲೇಲಿ ಈಚೆ ಬರಬಾರದು ಕಣ್ ಮಗ," ಎಂದಳು. "ಕೂತ್ಕೋ."

ಹಿಟ್ಟಿನ ಮೂಟೆಯ ಮೇಲೆ ಕೂತೆ. ಸೆರಗಿನಿಂದ ನನ್ನ ತಲೆ ಒರೆಸಿದಳು. ಅವಸರ ಮಾಡಲಿಲ್ಲ, ಕಿವಿಯ ಹಿಂದೆ, ಕತ್ತಿನ ಮೇಲೆ, ಬುಡಬುಡಕ್ಕೂ ಒರೆಸಿದಳು. 'ಅಮ್ಮಾ, ಅದು ಸುಳ್ಳು' ಎನ್ನಬೇಕೆಂದುಕೊಂಡೆ. ಗಿರಣಿಯ ಸದ್ದಿನಲ್ಲಿ ಹೇಳಿದ್ದರೂ ಕೇಳಿಸುತ್ತಿರಲಿಲ್ಲವೇನೋ. ಸೊಂಟದಿಂದ ಆ ಬಾಚಣಿಗೆ ತೆಗೆದಳು. ಬೈತಲೆ ನೇರವಾಗಿ ತೆಗೆದು, ಕೂದಲನ್ನು ಎರಡು ಪಾಲು ಮಾಡಿ, ಇಪ್ಪತ್ತೇಳು ವರ್ಷದ ನನಗೆ ಎರಡು ಜಡೆ ಹಾಕಿದಳು. ಸರದಿಯಲ್ಲಿದ್ದ ಹೆಂಗಸರು ಯಾರೂ ನಗಲಿಲ್ಲ.

ಆಕೆಗೆ ಗೊತ್ತಿತ್ತೋ ಇಲ್ಲವೋ ಎಂದು ಕೇಳುವ ಧೈರ್ಯ ನನಗೆ ಕೊನೆಗೂ ಬರಲಿಲ್ಲ.

"ಹೋಗು ಇನ್ನ," ಎಂದಳು.

ಹಿಟ್ಟಿನ ಡಬ್ಬ ಎತ್ತಿಕೊಂಡೆ. ಹೊರಗೆ ಮಟಮಟ ಮಧ್ಯಾಹ್ನ. ಮರವಿದ್ದ ತಿರುವು ದಾಟಿ, ಮಾಗಡಿ ರೋಡ್ ಕಡೆ, ಎರಡು ಜಡೆ ಹಾಕಿಕೊಂಡು ನಡೆದೆ. ಆಕೆ ಗಿರಣಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಾಳೆಂದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ನಾನು ಹಿಂದೆ ತಿರುಗಿ ನೋಡಲಿಲ್ಲ.